ಋಣದ ಮೇಲೆ ನಿಂತ ಒಂದು ಮಾತ್ರೆ

ಮಸ್ಕಿ ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಗೋವಿನ ಹಾಡಿಗೆ ಪ್ರಸ್ತಾರ ಹಾಕಿ, ಅಂದರೆ ಮಾತ್ರೆ ಎಣಿಸಿ ಸಾಲನ್ನು ಗಣಗಳೆಂಬ ತುಂಡುಗಳಾಗಿ ಗೆರೆ ಎಳೆದು ನೋಡೋಣವೆಂದು ಒಂದು ಭಾನುವಾರ ಪಡಸಾಲೆಯಲ್ಲಿ ಕೂತೆ. ಒಂದು ಹ್ರಸ್ವಾಕ್ಷರ ನುಡಿಯುವಷ್ಟು ಹೊತ್ತು ಒಂದು ಮಾತ್ರೆ. ಹಾಡಿನದು ಮೂರು ನಾಲ್ಕು ಮಾತ್ರೆಗಳ ಮಿಶ್ರಲಯ. ಭಾಮಿನಿ ಷಟ್ಪದಿಯ ಮೊದಲ ಸಾಲಿನ ನಡಿಗೆಯೇ. ‘ಹೆಬ್ಬು | ಲಿಯ ಬಾ | ಯನ್ನು | ಹೊಗುವೆನು’ ಎಂದು ಗೆರೆ ಎಳೆದರೆ 3, 4, 3, 4, ಒಟ್ಟು 14 ಮಾತ್ರೆ ಸರಿಯಾಗಿ ಬಂತು. ಮುಂದಿನ ಸಾಲಿನಲ್ಲಿ ಲೆಕ್ಕ ತಪ್ಪಿತು. ‘ಇಬ್ಬ | ರ ಋಣ | ತೀರಿ | ತೆಂದು’: ಎಲ್ಲ ಗಣಕ್ಕೂ ಮೂರೇ ಮಾತ್ರೆ, ಒಟ್ಟು 12. ಸಾಲಿನ ಕೊನೆಯ ಕೊರತೆಯನ್ನು ಉಸಿರು ತುಂಬುತ್ತದೆ, ಸರಿ. ನಡುವಿನದನ್ನು? ಅಚ್ಚಿನ ತಪ್ಪಿರಬೇಕೆಂದು ಇನ್ನೊಂದು ಪುಸ್ತಕ ತೆಗೆದೆ. ಅಲ್ಲೂ ಹಾಗೇ ಇತ್ತು.

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಅಷ್ಟು ಹೊತ್ತು ಕೇಳಿಸಿಕೊಂಡಿದ್ದಳು. “ಓದಬ್ಯಾಡ, ಹಾಡು. ಋಣಾ ಅಂತ ಸ್ವಲ್ಪ ಎಳಿ” ಅಂದಳು. ಬೀಸುಕಲ್ಲಿನ ಮುಂದೆ ಹಾಡಿ ಬೆಳೆದವಳು. ಗಣದ ಹೆಸರು ಗೊತ್ತಿಲ್ಲ, ಕೈಗೆ ಲೆಕ್ಕ ಗೊತ್ತು. ತೊಡೆ ತಟ್ಟುತ್ತ ಹಾಡಿದೆ. ಕಾಣೆಯಾಗಿದ್ದ ಮಾತ್ರೆ ‘ಣ’ದ ಮೇಲೆ ಬಂದು ನಿಂತಿತು. ತಾಯಿ ಮಗುವಿನ ಋಣ ಹರಿಯುವ ಕಡೆಯೇ ದನಿ ಎಳೆಯಬೇಕಾಗಿ ಬರುತ್ತದೆ. ಅಂದಿನಿಂದ ಮೊದಲು ಹಾಡುತ್ತೇನೆ, ಆಮೇಲೆ ಗೆರೆ.

ಪ್ರಾಸ ಹಿಡಿಯುವುದು ಇಷ್ಟು ಕಷ್ಟವಲ್ಲ, ಪ್ರತಿ ಸಾಲಿನ ಎರಡನೇ ಅಕ್ಷರ ನೋಡಿದರಾಯಿತು. ‘ಧರಣಿ’ಯಲ್ಲಿ ಅದರ ಹಿಂದೆ ಹ್ರಸ್ವ, ಸಿಂಹಪ್ರಾಸ. ‘ಆರ’ದಲ್ಲಿ ದೀರ್ಘ, ಗಜ. ‘ಮುಂದೆ, ಹಿಂದೆ, ಕಂದ’ದಲ್ಲಿ ಬಿಂದು (ಸೊನ್ನೆ), ವೃಷಭ. ‘ತಬ್ಬಲಿ, ಹೆಬ್ಬುಲಿ’ಯಲ್ಲಿ ಅದೇ ಅಕ್ಷರಕ್ಕೆ ಅದರದೇ ಒತ್ತು, ಹಯ. ತಬ್ಬಲಿಯಾಗುವ ಕರುವನ್ನೂ ಹೆಬ್ಬುಲಿಯ ಬಾಯನ್ನೂ ಒಂದೇ ‘ಬ್ಬ’ ಕಟ್ಟಿಹಾಕುತ್ತದೆ. ಆ ಪದ್ಯ ಮುಗಿಯುವುದೂ ‘ತಬ್ಬಿಕೊಂಡಿತು’ ಎಂಬಲ್ಲಿ.

ಕರುವಿನ ಪ್ರಶ್ನೆಗಳನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದೆ:

ಆರ ಮೊಲೆಯನು ಕುಡಿಯಲಮ್ಮ
ಆರ ಸೇರಿ ಬದುಕಲಮ್ಮ
ಆರ ಬಳಿಯಲಿ ಮಲಗಲಮ್ಮ
ಆರು ನನಗೆ ಹಿತವರು

ಮರಳಿ ಬರುವ ಮಾತಿಗೆ ಗೆರೆ ಹಾಕಿರಿ ಅಂದೆ. ಎಲ್ಲರೂ ‘ಆರ’ಕ್ಕೆ ಹಾಕಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಸಾಲಿನ ಆ ತುದಿಗೂ ಹಾಕಿ, “ಸರ್, ಕೊನೀ ಸಾಲಿನ್ಯಾಗ ‘ಅಮ್ಮ’ ಇಲ್ಲರಿ” ಅಂದಳು. ಇಷ್ಟು ವರ್ಷ ಈ ಪದ್ಯ ಪಾಠ ಮಾಡಿದ ನನಗೆ ಅದು ಕಂಡಿರಲಿಲ್ಲ. ಮೂರು ಸಲ ಅಮ್ಮನನ್ನು ಕರೆದ ಕರು ನಾಲ್ಕನೆಯ ಸಲ ಕರೆಯುವುದಿಲ್ಲ. ಸೀಮೆಸುಣ್ಣ ಅವಳ ಕೈಗೇ ಕೊಟ್ಟೆ; ‘ಹಿತವರು’ ಆದ ಮೇಲಿನ ಖಾಲಿ ಜಾಗಕ್ಕೆ ಅವಳೇ ಒಂದು ಸುತ್ತು ಹಾಕಿದಳು.