ಮೌತ್‌ವಾಶ್ ಬಳಸುವ ಮುನ್ನ ಲೇಬಲ್ಲನ್ನೂ ಮನೆಯ ನೀರನ್ನೂ ನೋಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಭಾಗದ ಯಾವ ಮೆಡಿಕಲ್ ಅಂಗಡಿಯಲ್ಲಿ ಕೇಳಿದರೂ ಮೌತ್‌ವಾಶ್‌ನ ನೀಲಿ, ಹಸಿರು, ಗುಲಾಬಿ ಬಾಟಲಿಗಳನ್ನು ತೆಗೆದು ಮುಂದಿಡುತ್ತಾರೆ. ಕೊಳ್ಳುವವರು ಬಣ್ಣವನ್ನೋ ಬೆಲೆಯನ್ನೋ ನೋಡಿ ಆರಿಸುವುದೇ ಹೆಚ್ಚು. ಓದಬೇಕಾದದ್ದು ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುವ ಘಟಕಾಂಶಗಳನ್ನು. ಬರೀ ಸುವಾಸನೆಗಾಗಿ ತಯಾರಾದದ್ದು, ಹಲ್ಲು ಹುಳುಕಾಗದಂತೆ ಫ್ಲೋರೈಡ್ ಬೆರೆಸಿದ್ದು, ಒಸಡಿನ ಕಾಯಿಲೆಗೆಂದು ದಂತವೈದ್ಯರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ಇರುವುದು, ಈ ಮೂರರ ಕೆಲಸವೂ ಬೇರೆ, ಬಳಸುವ ಅವಧಿಯೂ ಬೇರೆ.

ಯಾವ ಬಗೆಯದಾದರೂ ಅದು ಬ್ರಷ್ಷಿನ ಕೆಲಸ ಮಾಡದು. ಹಲ್ಲಿಗೆ ಅಂಟಿಕೊಂಡ ಜಿಗುಟು ಪದರವು ಉಜ್ಜಿದರೆ ಮಾತ್ರ ಬಿಡುತ್ತದೆ. ದಿನಕ್ಕೆ ಎರಡು ಸಲ ಹಲ್ಲುಜ್ಜಿ, ನಾಲಿಗೆಯನ್ನೂ ಶುಚಿ ಮಾಡಿಕೊಳ್ಳುವ ಆರೋಗ್ಯವಂತರಿಗೆ ಮೌತ್‌ವಾಶ್ ಕಡ್ಡಾಯವೇನೂ ಅಲ್ಲ.

ಹಲ್ಲುಜ್ಜಿದ ಕೂಡಲೇ ಮೌತ್‌ವಾಶ್ ಹಾಕಿಕೊಳ್ಳುವ ರೂಢಿಯನ್ನು ಬಿಡುವುದು ಒಳ್ಳೆಯದು. ಸಾಮಾನ್ಯ ಫ್ಲೋರೈಡ್ ಪೇಸ್ಟಿನಲ್ಲಿ ಸುಮಾರು 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 1000 ಭಾಗ) ಫ್ಲೋರೈಡ್ ಇದ್ದರೆ, ನಿತ್ಯ ಬಳಕೆಯ ಫ್ಲೋರೈಡ್ ಮೌತ್‌ವಾಶ್‌ನಲ್ಲಿ ಸುಮಾರು 225 ಪಿಪಿಎಂ ಮಾತ್ರ ಇರುವುದರಿಂದ, ಹಲ್ಲಿನ ಮೇಲೆ ಉಳಿಯಬೇಕಾಗಿದ್ದ ಹೆಚ್ಚಿನ ಅಂಶವನ್ನು ನಾವೇ ತೊಳೆದು ಹಾಕಿದಂತಾಗುತ್ತದೆ. ಮಧ್ಯಾಹ್ನ ರೊಟ್ಟಿ ಊಟ ಮುಗಿಸಿ, ನೀರಿನಿಂದ ಬಾಯಿ ಮುಕ್ಕಳಿಸಿದ ಮೇಲಿನ ಹೊತ್ತು ಇದಕ್ಕೆ ಸೂಕ್ತ.

ಬಳಸುವಾಗ ಬಾಟಲಿಗೆ ಬಾಯಿಟ್ಟು ಸುರಿದುಕೊಳ್ಳದೆ, ಮುಚ್ಚಳದಲ್ಲಿ ಅಳೆದುಕೊಳ್ಳಿ. ಹೆಚ್ಚಿನವುಗಳಿಗೆ 10 ಮಿ.ಲೀ. ಸಾಕು. ಲೇಬಲ್ಲಿನಲ್ಲಿ ಹೇಳಿದ್ದರೆ ಮಾತ್ರ ನೀರು ಬೆರೆಸಬೇಕು. ತುಟಿ ಮುಚ್ಚಿ, ಕೆನ್ನೆಯನ್ನು ಉಬ್ಬಿಸುತ್ತ ಇಳಿಸುತ್ತ, ದ್ರವವು ಹಲ್ಲುಗಳ ಸಂದಿಯಲ್ಲಿ ಹಾದುಹೋಗುವಂತೆ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಮುಕ್ಕಳಿಸಿ, ಪೂರ್ತಿಯಾಗಿ ಉಗುಳಬೇಕು, ನುಂಗಬಾರದು. ಆಮೇಲೆ ಅರ್ಧ ಗಂಟೆ ಏನನ್ನೂ ತಿನ್ನದೆ, ಕುಡಿಯದೆ ಇರಬೇಕು. ಹಲ್ಲು ಕೀಳಿಸಿಕೊಂಡವರು ಮೊದಲ 24 ಗಂಟೆ ಜೋರಾಗಿ ಮುಕ್ಕಳಿಸಲೇಬಾರದು. ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿಬಂದರೆ ನೋವು ಹೆಚ್ಚಾಗುತ್ತದೆ.

ಹೆಚ್ಚು ತಪ್ಪು ಬಳಕೆಯಾಗುವುದು ಕ್ಲೋರ್‌ಹೆಕ್ಸಿಡಿನ್. ನಮ್ಮಲ್ಲಿ ಸಾಮಾನ್ಯವಾಗಿ ಶೇಕಡಾ 0.2ರ ಪ್ರಮಾಣದಲ್ಲಿ ಸಿಗುವ ಇದನ್ನು ಒಸಡು ಊದಿ ರಕ್ತ ಬರುತ್ತಿರುವಾಗ ಎರಡು ವಾರಗಳ ಮಟ್ಟಿಗೆ ಬರೆದುಕೊಡುವುದು ವಾಡಿಕೆ. ಚೀಟಿಯ ಅವಧಿ ಮುಗಿದ ಮೇಲೂ, ಚೆನ್ನಾಗಿತ್ತೆಂದು ಅದನ್ನೇ ಮತ್ತೆ ಮತ್ತೆ ಕೊಂಡು ತಿಂಗಳುಗಟ್ಟಲೆ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ದಿನಕ್ಕೆ ನಾಲ್ಕಾರು ಸಲ ಚಹಾ ಕುಡಿಯುವ ನಮ್ಮ ಭಾಗದಲ್ಲಿ ಈ ಕಲೆ ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ಪೇಸ್ಟಿನ ನೊರೆ ಬರಿಸುವ ಅಂಶವು ಈ ಔಷಧದ ಶಕ್ತಿಯನ್ನು ಕುಂದಿಸುವುದರಿಂದ, ಹಲ್ಲುಜ್ಜಿದ ಮೇಲೆ ಅರ್ಧ ಗಂಟೆಯಾದರೂ ಬಿಟ್ಟು ಇದನ್ನು ಬಳಸಬೇಕು.

ಫ್ಲೋರೈಡ್ ಬಾಟಲಿಯ ವಿಷಯದಲ್ಲಿ ನಮ್ಮವರು ಬೇರೆ ಊರಿನವರಿಗಿಂತ ಹೆಚ್ಚು ಎಚ್ಚರ ವಹಿಸಬೇಕಾಗುತ್ತದೆ. ಯಾದಗಿರಿ ಮತ್ತು ಕಲಬುರಗಿ ಜಿಲ್ಲೆಗಳ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಈಗಾಗಲೇ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ., ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5 ಮಿ.ಗ್ರಾಂ. ವರೆಗೆ ಎಂಬುದು ಭಾರತೀಯ ಮಾನದಂಡ. ಇದಕ್ಕಿಂತ ಹೆಚ್ಚಾದ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಗೆರೆಗಳೋ ಕಂದು ಕಲೆಗಳೋ ಮೂಡುತ್ತವೆ, ಮತ್ತು ಯಾವ ಮೌತ್‌ವಾಶ್‌ನಿಂದಲೂ ಅವು ಹೋಗುವುದಿಲ್ಲ. ನೀರನ್ನು ಕುದಿಸಿದರೂ ಫ್ಲೋರೈಡ್ ಕಡಿಮೆಯಾಗುವುದಿಲ್ಲ. ನೀರು ಆವಿಯಾದಷ್ಟು ಅದರ ಸಾಂದ್ರತೆ ಏರುತ್ತದೆ. ಉಗುಳಿಬಿಡುವ ದೊಡ್ಡವರಿಗೆ ಮೌತ್‌ವಾಶ್‌ನಿಂದ ಆ ಅಪಾಯವಿಲ್ಲ, ಆದರೆ ಮಕ್ಕಳು ನುಂಗುತ್ತಾರೆ. ಆದ್ದರಿಂದ ಆರು ವರ್ಷದೊಳಗಿನವರಿಗೆ ಇದನ್ನು ಕೊಡಲೇಬೇಡಿ. ದೊಡ್ಡ ಮಕ್ಕಳಿಗಾದರೂ ನೀರನ್ನು ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ದಂತವೈದ್ಯರು ಹೇಳಿದರೆ ಮಾತ್ರ, ಎದುರಿಗೆ ನಿಂತು ಬಳಸಿಸಿ. ಬಾಟಲಿ ಅವರ ಕೈಗೆ ಸಿಗದಂತಿರಲಿ.

ಕೆಲವು ಮೌತ್‌ವಾಶ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ ಬಾಯಿ ತಾನೇ ಒಣಗುವಾಗ, ಅದು ಇನ್ನಷ್ಟು ಒಣಗಿಸುತ್ತದೆ. ಜೊಲ್ಲು ಕಡಿಮೆಯಾದ ಬಾಯಲ್ಲಿ ಹುಳುಕು ಬೇಗ ಹಿಡಿಯುತ್ತದೆ. ಮಧುಮೇಹದಿಂದಲೋ ಮಾತ್ರೆಗಳಿಂದಲೋ ಬಾಯಿ ಒಣಗುವವರು, ಬಾಯಿಹುಣ್ಣು ಇರುವವರು ಆಲ್ಕೋಹಾಲ್ ಇಲ್ಲದ್ದನ್ನೇ ಕೇಳಿ ಪಡೆಯಬೇಕು. ಹಣ ಖರ್ಚು ಮಾಡುವ ಮನಸ್ಸಿಲ್ಲದವರಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು ನೊಂದ ಒಸಡಿಗೆ ಹಿತವೆನಿಸುತ್ತದೆ.

ಉಳ್ಳಾಗಡ್ಡಿ, ಬೆಳ್ಳುಳ್ಳಿ ತಿಂದ ವಾಸನೆಯು ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಿ ಉಸಿರಿನಲ್ಲಿಯೂ ಹೊರಬರುವುದರಿಂದ ಮೌತ್‌ವಾಶ್ ಅದನ್ನು ಸ್ವಲ್ಪ ಹೊತ್ತು ಮರೆಮಾಡುತ್ತದೆ, ಅಷ್ಟೆ. ಗುಟ್ಕಾ, ತಂಬಾಕು ಅಗಿಯುವವರು ವಾಸನೆ ಮುಚ್ಚಲು ಇದನ್ನು ಬಳಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಒಳಗಿನ ಹಾನಿ ಹಾಗೇ ಮುಂದುವರಿಯುತ್ತದೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಿಂದರೆ ಉರಿ, ಮೊದಲಿನಷ್ಟು ಬಾಯಿ ತೆರೆಯಲಾಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ಬಾಟಲಿ ಬದಿಗಿಟ್ಟು ದಂತವೈದ್ಯರಲ್ಲಿಗೆ ಹೋಗಬೇಕು. ಕಲಬುರಗಿಯ ಅಲ್-ಬದರ್ ಮತ್ತು ಎಸ್. ನಿಜಲಿಂಗಪ್ಪ ದಂತ ವೈದ್ಯಕೀಯ ಕಾಲೇಜುಗಳಲ್ಲಿಯೂ ಬೀದರಿನ ಎಸ್.ಬಿ. ಪಾಟೀಲ ದಂತ ವೈದ್ಯಕೀಯ ಕಾಲೇಜಿನಲ್ಲಿಯೂ ಹೊರರೋಗಿ ವಿಭಾಗಗಳಿವೆ. ಹೋಗುವಾಗ ಬಳಸುತ್ತಿರುವ ಬಾಟಲಿಯನ್ನೂ ಜೊತೆಗೆ ಒಯ್ದರೆ ವೈದ್ಯರಿಗೆ ಅನುಕೂಲ.