ಮೀಟರಿನ ಕೆಂಪು ದೀಪ ಎಣಿಸಿದ ಅನುಭವ

ಕಾಫಿಗೆ ನೀರನ್ನು ಗ್ಯಾಸಿನ ಮೇಲೆ ಕಾಯಿಸಿದರೆ ಉಳಿತಾಯವೋ, ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಕಾಯಿಸಿದರೆ ಉಳಿತಾಯವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಬಹಳ ಹಳೆಯದು. ಬೆಂಗಳೂರಿನ ನಮ್ಮ ಮನೆಯಲ್ಲಿ ಕಳೆದ ವರ್ಷ ಅದನ್ನು ಅಳೆದೇ ನೋಡಲು ಕುಳಿತೆ. ಹೊಸದಾಗಿ ಯಾವ ಉಪಕರಣವನ್ನೂ ಕೊಳ್ಳಲಿಲ್ಲ. ನಮ್ಮ ವಿದ್ಯುತ್ ಮೀಟರಿನಲ್ಲಿ ಮಿನುಗುವ ಕೆಂಪು ದೀಪವೊಂದಿದೆ. ಒಂದು ಯೂನಿಟ್ಟಿಗೆ ಅದು 3200 ಸಲ ಮಿನುಗುತ್ತದೆ ಎಂದು ಮೀಟರಿನ ಮೇಲೆಯೇ ಮುದ್ರಿಸಿದ್ದಾರೆ. ಒಂದು ಯೂನಿಟ್ ಎಂದರೆ 3600 ಕಿಲೋಜೂಲ್ ಆದ್ದರಿಂದ, ಒಂದೊಂದು ಮಿನುಗಿಗೂ 1125 ಜೂಲ್ ಶಕ್ತಿ ಮನೆಯೊಳಗೆ ಬಂದಂತಾಯಿತು.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4.19 ಕಿಲೋಜೂಲ್ ಬೇಕು. ನನ್ನ ಲೆಕ್ಕ ತಪ್ಪಿದ್ದು ಮೊದಲು ಇಲ್ಲಿಯೇ, ಏಕೆಂದರೆ ಪಠ್ಯಪುಸ್ತಕದಲ್ಲಿ ಓದಿದ 100 ಡಿಗ್ರಿಯನ್ನೇ ಹಿಡಿದುಕೊಂಡಿದ್ದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ನಲ್ಲಿಯ ನೀರು 24 ಡಿಗ್ರಿ ಇದ್ದುದರಿಂದ, ಒಂದು ಲೀಟರಿಗೆ ಬೇಕಾದದ್ದು ಸುಮಾರು 306 ಕಿಲೋಜೂಲ್, ಅಂದರೆ 272 ಮಿನುಗು.

ಮೊದಲ ದಿನದ ಎಣಿಕೆ ಪೂರ್ತಿ ಕೆಟ್ಟಿತು. ನಡುವೆ ಫ್ರಿಜ್ಜಿನ ಕಂಪ್ರೆಸರ್ ಶುರುವಾಗಿ, ಅದರ ಮಿನುಗುಗಳೂ ಕೆಟಲ್ಲಿನ ಲೆಕ್ಕಕ್ಕೆ ಸೇರಿಹೋದವು. ಮರುದಿನ ಫ್ರಿಜ್, ಫ್ಯಾನು, ದೀಪ ಎಲ್ಲವನ್ನೂ ಆರಿಸಿ, ಮೀಟರಿನ ಎದುರು ಮೊಬೈಲಿಟ್ಟು ವಿಡಿಯೋ ಮಾಡಿ, ಆಮೇಲೆ ನಿಧಾನವಾಗಿ ಓಡಿಸಿ ಎಣಿಸಿದೆ. 1500 ವ್ಯಾಟ್‌ನ ಸ್ಟೀಲ್ ಕೆಟಲ್ ಒಂದು ಲೀಟರಿಗೆ 318 ಮಿನುಗು ತೆಗೆದುಕೊಂಡಿತು, ಅಂದರೆ ದಕ್ಷತೆ ಶೇಕಡ 85ರಷ್ಟು. ಅರ್ಧ ಲೀಟರಿಗೆ 159 ಸಾಕಾಗಬೇಕಿತ್ತು. ಆದರೆ ಬಂದದ್ದು 171. 171ರ ಎರಡರಷ್ಟಾದ 342ರಿಂದ ಒಂದು ಲೀಟರಿನ 318ನ್ನು ಕಳೆದಾಗ ಕಾರಣ ತಿಳಿಯಿತು: ನೀರು ಎಷ್ಟೇ ಇರಲಿ, ಸುಮಾರು 24 ಮಿನುಗಿನಷ್ಟು ಶಕ್ತಿ ಕೆಟಲ್ಲಿನ ಮೈಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ನೀರು ಕಡಿಮೆಯಾದಷ್ಟೂ ಈ ನಷ್ಟದ ಪಾಲು ದೊಡ್ಡದಾಗಿ ಕಾಣುತ್ತದೆ. ಹಾಗೆಂದು ಎರಡು ಲೋಟ ಕಾಫಿಗೆ ಕೆಟಲ್ ತುಂಬಾ ನೀರು ಹಾಕಿದರೆ ದಕ್ಷತೆಯ ಅಂಕಿ ಚೆಂದ ಕಾಣುತ್ತದೆಯೇ ಹೊರತು ಖರ್ಚೇನೂ ಕಡಿಮೆಯಾಗುವುದಿಲ್ಲ.

ಇಂಡಕ್ಷನ್ ಒಲೆಯ ಮೇಲೆ ಮುಚ್ಚಳ ಹಾಕಿದ ಪಾತ್ರೆಯಲ್ಲಿ ಅದೇ ಒಂದು ಲೀಟರಿಗೆ 345 ಮಿನುಗು ಬಂತು. ಅಲ್ಲಿ ಒಂದಿಷ್ಟು ಶಕ್ತಿ ಒಲೆಯೊಳಗಿನ ಸರ್ಕ್ಯೂಟಿನಲ್ಲೇ ಶಾಖವಾಗುತ್ತದೆ. ಅದನ್ನು ತಣಿಸಲೆಂದೇ ಒಳಗಿನ ಫ್ಯಾನು ಅಷ್ಟು ಸದ್ದು ಮಾಡುವುದು.

ಗ್ಯಾಸಿನ ಲೆಕ್ಕ ಕಷ್ಟದ್ದು. ಪರಿಚಯದ ಕಿರಾಣಿ ಅಂಗಡಿಯಿಂದ 5 ಗ್ರಾಮ್‌ನಷ್ಟು ಸಣ್ಣ ವ್ಯತ್ಯಾಸವನ್ನೂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಒಂದು ಭಾನುವಾರದ ಮಟ್ಟಿಗೆ ಕೇಳಿ ತಂದು, ಅರ್ಧ ಖಾಲಿಯಾಗಿದ್ದ ಸಿಲಿಂಡರನ್ನು ತೂಗಿದೆ. ಒಂದು ಲೀಟರಿಗೆ ಖರ್ಚಾಗುವ ಗ್ಯಾಸು ಆ ತಕ್ಕಡಿಯ ಹಿಡಿತಕ್ಕೆ ಸರಿಯಾಗಿ ಸಿಗುವಂಥದ್ದಲ್ಲ. ಆದ್ದರಿಂದ ನಾಲ್ಕು ಲೀಟರಿನಂತೆ ಮೂರು ಸಲ ಕಾಯಿಸಿ ಕೊನೆಯಲ್ಲಿ ಒಮ್ಮೆ ತೂಗಿದೆ. ದೊಡ್ಡ ಉರಿಯಲ್ಲಿ 145 ಗ್ರಾಮ್ ಖರ್ಚಾಯಿತು. ಉರಿ ಪಾತ್ರೆಯ ತಳದಿಂದ ಹೊರಗೆ ಚಾಚದಂತೆ ತಗ್ಗಿಸಿದಾಗ 130 ಗ್ರಾಮ್. ಒಂದು ಕಿಲೋ ಅಡುಗೆ ಅನಿಲದಲ್ಲಿ ಸುಮಾರು 46,000 ಕಿಲೋಜೂಲ್ ಶಕ್ತಿಯಿದೆ ಎಂದು ಹಿಡಿದರೆ ದಕ್ಷತೆ ಕ್ರಮವಾಗಿ ಶೇಕಡ 55 ಮತ್ತು 61. ಗ್ಯಾಸ್ ಒಲೆಗೆ ಭಾರತೀಯ ಮಾನಕ ಕೇಳುವುದು ಕನಿಷ್ಠ ಶೇಕಡ 68. ಅದು ಪ್ರಯೋಗಾಲಯದಲ್ಲಿ, ಗೊತ್ತುಪಡಿಸಿದ ಪಾತ್ರೆಯಲ್ಲಿ ಅಳೆದದ್ದು. ನನ್ನ ಅಡುಗೆಮನೆಯ ಕಿಟಕಿ ತೆರೆದಿತ್ತು.

ಕೆಟಲ್ ಗೆದ್ದಿತೆಂದು ನಾನು ಹೇಳಿದಾಗ ಮಗಳು, "ಅಪ್ಪಾ, ಆ ಕರೆಂಟು ಬಂದಿದ್ದೆಲ್ಲಿಂದ?" ಎಂದು ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇತ್ತು. ರಾಯಚೂರಿನಂಥ ಕಲ್ಲಿದ್ದಲು ಸ್ಥಾವರದಿಂದ ಬಂದದ್ದಾದರೆ, ಕಲ್ಲಿದ್ದಲಿನ ಶಾಖದಲ್ಲಿ ಮೂರನೇ ಎರಡು ಭಾಗದಷ್ಟು ಅಲ್ಲಿಯೇ ಹೋಗಿರುತ್ತದೆ; ಶರಾವತಿಯ ನೀರಿನಿಂದಲೋ ಪಾವಗಡದ ಬಿಸಿಲಿನಿಂದಲೋ ಬಂದದ್ದಾದರೆ ಹೋಲಿಕೆಯ ಸ್ವರೂಪವೇ ಬೇರೆ. ನನ್ನ ಲೆಕ್ಕ ಮೀಟರಿನಿಂದ ಈಚೆಯದು ಮಾತ್ರ ಎಂದು ಒಪ್ಪಿಕೊಂಡೆ.

ಮೀಟರಿನಿಂದ ಈಚೆಗೂ ನಾನು ಎಣಿಸಿರದ ಒಂದು ಖರ್ಚಿತ್ತು. ಎಲ್ಲವನ್ನೂ ಆರಿಸಿದ ಮೇಲೂ ಆ ಕೆಂಪು ದೀಪ ನಲವತ್ತು ಸೆಕೆಂಡಿಗೊಮ್ಮೆ ಮಿನುಗುತ್ತಲೇ ಇತ್ತು. ಕೆಟಲ್ಲಿನ ಎಣಿಕೆಯಿಂದ ಅದನ್ನು ಕಳೆದುಬಿಟ್ಟು ಸುಮ್ಮನಾಗಿದ್ದೆ. ಆಮೇಲೆ ಲೆಕ್ಕ ಹಾಕಿದರೆ ಅದು 28 ವ್ಯಾಟ್, ತಿಂಗಳಿಗೆ 20 ಯೂನಿಟ್. ದಿನಕ್ಕೆ ಎರಡು ಲೀಟರಿನಂತೆ ಕೆಟಲ್ಲಿನಲ್ಲಿ ನೀರು ಕಾಯಿಸಿದರೂ ತಿಂಗಳಿಗೆ ಆಗುವುದು 6 ಯೂನಿಟ್. ಹುಡುಕಿದಾಗ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಇನ್ವರ್ಟರ್. ಅದರ ಬ್ಯಾಟರಿಗೆ ಆರು ವರ್ಷ ಕಳೆದಿತ್ತು. ಚಾರ್ಜು ನಿಲ್ಲದ ಕಾರಣ ಅದು ಇಡೀ ದಿನ ಕರೆಂಟು ಎಳೆಯುತ್ತಾ, ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಡಿಸ್ಟಿಲ್ಡ್ ವಾಟರ್ ತುಂಬಿಸಿ ನೋಡಿದೆ, ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಹೊಸ ಬ್ಯಾಟರಿ ಹಾಕಿಸಿದ ಮೇಲೆ ದೀಪ ಒಂದೂವರೆ ನಿಮಿಷಕ್ಕೊಮ್ಮೆ ಮಿನುಗತೊಡಗಿತು. ಕಾಫಿಯ ನೀರನ್ನು ಮನೆಯವಳು ಈಗಲೂ ಗ್ಯಾಸಿನ ಮೇಲೆಯೇ ಇಡುತ್ತಾಳೆ, ಉರಿಯನ್ನು ಮಾತ್ರ ತುಸು ತಗ್ಗಿಸಿ.