ಮಾಡೆಲ್ ಕಟ್ಟುವ ಮೊದಲು ಗಾಮಾ ಲೆಕ್ಕ ನೋಡಿಕೊಳ್ಳಿ

ಯುರೇನಿಯಂ ಗಣಿಯಲ್ಲಿ ಭೂವಿಜ್ಞಾನದ ಸಾಫ್ಟ್‌ವೇರ್ ಅಂದ ಕೂಡಲೇ ಬಣ್ಣಬಣ್ಣದ ತ್ರೀಡಿ ಚಿತ್ರ ನೆನಪಾಗುತ್ತದೆ, ಅಲ್ವಾ? ನನ್ನ ಸಮಯ ಜಾಸ್ತಿ ಹೋಗುವುದು ಅದಕ್ಕೂ ಮುಂಚಿನ ಕೆಲಸಕ್ಕೆ.

ಸರ್‌ಪ್ಯಾಕ್ ಇರಲಿ, ಲೀಪ್‌ಫ್ರಾಗ್ ಇರಲಿ, ಕೇಳುವುದು ಹೆಚ್ಚುಕಡಿಮೆ ಇಷ್ಟೇ: ಬೋರ್‌ಹೋಲ್ ಬಾಯಿ ಎಲ್ಲಿದೆ, ಒಳಗೆ ಯಾವ ಕಡೆ ವಾಲಿದೆ, ಯಾವ ಆಳದಲ್ಲಿ ಯಾವ ಕಲ್ಲು, ಗ್ರೇಡ್ (ಅಂದರೆ ಕಲ್ಲಿನಲ್ಲಿ ಯುರೇನಿಯಂ ಶೇಕಡಾ ಎಷ್ಟಿದೆ ಅನ್ನುವುದು) ಎಷ್ಟು. 45ರಿಂದ 46 ಮೀಟರ್ ಅಂತ ಒಂದು ಸಾಲು, 45.5ರಿಂದ 46.5 ಅಂತ ಇನ್ನೊಂದು ಸಾಲು ಇದ್ದರೆ ವ್ಯಾಲಿಡೇಷನ್‌ನಲ್ಲೇ ಸಿಕ್ಕಿಬೀಳುತ್ತದೆ. ದಿಕ್ಕು ಮಾತ್ರ ನಾವೇ ನೋಡಬೇಕು. ದಿಕ್ಸೂಚಿಯ ಉತ್ತರವನ್ನೇ ಗ್ರಿಡ್ ಉತ್ತರ (ನಕ್ಷೆಯ ಗೆರೆಗಳ ಉತ್ತರ) ಅಂತ ಕೊಟ್ಟರೂ ಸಾಫ್ಟ್‌ವೇರ್ ತಕರಾರು ಮಾಡುವುದಿಲ್ಲ.

ಅಸಲಿ ಕೆಲಸ ಇರುವುದು ಗ್ರೇಡಿನಲ್ಲಿ. ಗಾಮಾ ಕಿರಣ ಎಣಿಸಲು ಬೋರ್‌ಹೋಲಿಗೆ ಇಳಿಬಿಡುವ ಗಾಮಾ ಪ್ರೋಬ್ ಯುರೇನಿಯಂ ಅನ್ನೇ ಅಳೆಯುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಆದರೆ ಅದಕ್ಕೆ ಸಿಗುವ ಗಾಮಾದಲ್ಲಿ ಬಹುಪಾಲು ಬಿಸ್ಮತ್-214 ಮತ್ತು ಸೀಸ-214ರದು. ಯುರೇನಿಯಂ-238ರ ಸರಣಿಯಲ್ಲಿ ರೇಡಿಯಂ, ರೇಡಾನ್ ಆದಮೇಲೆ ಹುಟ್ಟುವವು ಇವು. ಅದಿರು ಹತ್ತು ಲಕ್ಷ ವರ್ಷಕ್ಕೂ ಜಾಸ್ತಿ ಕದಲದೆ ಕೂತಿದ್ದರೆ ಗಾಮಾ ಲೆಕ್ಕ ಯುರೇನಿಯಂಗೆ ತಾಳೆಯಾಗುತ್ತದೆ. ಮರಳುಗಲ್ಲಿನಲ್ಲಿ ಎಷ್ಟೋ ಸಲ ಹಾಗಿರುವುದಿಲ್ಲ. ನೀರಿನ ಜೊತೆ ಯುರೇನಿಯಂ ಮುಂದೆ ಹೋಗಿ, ರೇಡಿಯಂ ಹಿಂದೆಯೇ ಉಳಿದಿರಬಹುದು. ಅಲ್ಲಿ ಗಾಮಾ ಜೋರು, ಯುರೇನಿಯಂ ಕಡಿಮೆ. ಹೊಸದಾಗಿ ಯುರೇನಿಯಂ ಬಂದು ಕೂತ ಕಡೆ ಇದಕ್ಕೆ ಉಲ್ಟಾ.

ಅದಕ್ಕೇ ಕೋರ್ (ಕೊರೆದು ತೆಗೆದ ಕಲ್ಲಿನ ಕೋಲು) ಸಿಕ್ಕ ಕಡೆಯೆಲ್ಲ ಲ್ಯಾಬ್ ಗ್ರೇಡನ್ನು ಗಾಮಾ ಗ್ರೇಡಿನಿಂದ ಭಾಗಿಸುತ್ತೇನೆ. ಗಾಮಾ 0.10% ತೋರಿಸಿ ಲ್ಯಾಬ್ 0.07% ಕೊಟ್ಟರೆ ಅನುಪಾತ 0.7. ಎರಡೂ ಅಂಕಿ ಯು3ಓ8 (ಯುರೇನಿಯಂ ಆಕ್ಸೈಡ್) ಲೆಕ್ಕದಲ್ಲೇ ಇರಬೇಕು. ಲ್ಯಾಬ್ ಬರೀ ಯುರೇನಿಯಂ ಅಂತ ಕೊಟ್ಟಿದ್ದರೆ 1.179ರಿಂದ ಗುಣಿಸಿಕೊಳ್ಳಿ. ಇಲ್ಲದಿದ್ದರೆ ಸುಮ್ನೆ ಇಲ್ಲದ ವ್ಯತ್ಯಾಸ ಕಾಣುತ್ತದೆ. ಕೋರ್ ಆಳಕ್ಕೂ ಗಾಮಾ ಲಾಗ್‌ನ (ಪ್ರೋಬ್ ದಾಖಲೆಯ) ಆಳಕ್ಕೂ ಹೊಂದಿಕೆ ಇದೆಯಾ ಅಂತಲೂ ಮೊದಲೇ ನೋಡಬೇಕು.

ಆಮೇಲೆ ಈ ಅನುಪಾತಕ್ಕೆ ಬಣ್ಣ ಕೊಟ್ಟು ಬೋರ್‌ಹೋಲ್‌ಗಳ ಮೇಲೆ ಹಾಕುತ್ತೇನೆ. ಬಣ್ಣಗಳು ಗುಂಪುಗುಂಪಾಗಿ ಕೂತರೆ ಒಂದೊಂದು ಗುಂಪೂ ಒಂದು ಡೊಮೇನ್ (ಅನುಪಾತ ಒಂದೇ ಥರ ಇರುವ ಭಾಗ), ಅದಕ್ಕೆ ಅದರದೇ ತಿದ್ದುಪಡಿ. ಇಡೀ ನಿಕ್ಷೇಪಕ್ಕೆ ಒಂದೇ ಸರಾಸರಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಒಂದು ಕಡೆ ಒಳ್ಳೆ ಅದಿರು ವೇಸ್ಟ್ ರಾಶಿಗೆ ಹೋಗುತ್ತದೆ, ಇನ್ನೊಂದು ಕಡೆ ಬರೀ ಕಲ್ಲು ಮಿಲ್ಲಿಗೆ ಹೋಗುತ್ತದೆ.

ವೇರಿಯೋಗ್ರಾಮ್ (ದೂರ ಹೆಚ್ಚಿದಂತೆ ಗ್ರೇಡ್ ಎಷ್ಟು ಬದಲಾಗುತ್ತದೆ ಅನ್ನುವ ಗ್ರಾಫ್), ಕ್ರಿಗಿಂಗ್ (ಅದನ್ನು ಬಳಸಿ ಬೋರ್‌ಹೋಲ್‌ಗಳ ನಡುವಿನ ಗ್ರೇಡ್ ಅಂದಾಜು), ಬ್ಲಾಕ್ ಮಾಡೆಲ್ (ನಿಕ್ಷೇಪವನ್ನು ಚಿಕ್ಕ ಬ್ಲಾಕ್‌ಗಳಾಗಿ ಕತ್ತರಿಸಿದ ಮಾದರಿ) ಎಲ್ಲ ಇದಾದ ಮೇಲೆ. ಒಂದೇ ಒಂದು ಭಾರೀ ಗ್ರೇಡ್ ಸುತ್ತಲಿನ ಬ್ಲಾಕ್‌ಗಳನ್ನೆಲ್ಲ ಮೇಲಕ್ಕೆ ಎಳೆದಿದೆಯಾ ಅಂತ ಸೆಕ್ಷನ್ ಸೆಕ್ಷನ್ನಾಗಿ ನೋಡಿ, ಬೇಕಾದ ಕಡೆ ಟಾಪ್ ಕಟ್ (ಗ್ರೇಡಿಗೆ ಒಂದು ಮೇಲ್ಮಿತಿ) ಹಾಕುತ್ತೇನೆ. ಗಣಿಮುಖ ತೆರೆದ ಮೇಲೆ ಅಲ್ಲಿ ಹಿಡಿದ ಗಾಮಾ ರೀಡಿಂಗ್‌ಗೂ ಆಯಾ ಡೊಮೇನಿನ ಅನುಪಾತವನ್ನೇ ಹಾಕಿ, ಬ್ಲಾಕ್ ಗ್ರೇಡಿನ ಜೊತೆ ಹೋಲಿಸುತ್ತೇನೆ.